ತುಂಗಮ್ಮ ಓದಿ ಹೇಳಿದ ನಂಬರು

ಮೆಣಸೆ ಊರಿನ ಕೆಳಮನೆಗಳಲ್ಲಿ ಮೊಬೈಲಿಗೆ ಸಿಗ್ನಲ್ ಸಿಗುವುದಿಲ್ಲ. ದಿಬ್ಬದ ಮೇಲಿನ ತುಂಗಮ್ಮನವರ ಕಿಟಕಿಯಲ್ಲಿ ಮಾತ್ರ ಸಿಗುತ್ತದೆ. ಹಾಗಾಗಿ ಅಕ್ಕಪಕ್ಕದವರು ಬೆಳಿಗ್ಗೆ ಫೋನನ್ನು ಆ ಕಿಟಕಿಯಲ್ಲಿಟ್ಟು ಕೆಲಸಕ್ಕೆ ಹೋಗುತ್ತಾರೆ. ಯಾರ ಫೋನ್ ಬಡಿದುಕೊಂಡರೂ ಎತ್ತುವವರು ತುಂಗಮ್ಮ. ಸುದ್ದಿಯನ್ನು ಗದ್ದೆಯಾಚೆಗೆ ಕೂಗಿ ಮುಟ್ಟಿಸುವವರೂ ಅವರೇ. "ಗ್ಯಾಸ್ ಬಂತಂತೆ!" "ನಿನ್ನ ತಮ್ಮ ಬಸ್ ಹತ್ತಿದ್ನಂತೆ!"

ಅವರ ತಂಗಿಯ ಮಗಳು ಅಮೂಲ್ಯಾಳ ಫೋನೂ ಅಲ್ಲೇ ಇರುತ್ತಿತ್ತು. ಸಂಜೆ ಅವಳು ಆ ಮನೆಯ ಜಗಲಿಯಲ್ಲಿ ಕೂತು ಒಂದು ಆಟ ಆಡುತ್ತಿದ್ದಳು. ಜಪಾನಿನವರು ಮಾಡಿದ ಆಟ. ಚಿತ್ರವಿಚಿತ್ರ ಪ್ರಾಣಿಗಳನ್ನು ಹುಡುಕಿ ಸಾಕಬೇಕು. ದೇಶದೇಶದವರು ಒಟ್ಟಿಗೆ ಆಡುತ್ತಾರೆ. ಅಮೂಲ್ಯಾಳಿಗೆ ಬೇಕಿದ್ದವಳು ಒಬ್ಬಳೇ, ಸೌಂದರ್ಯಾ.

ಕೊಪ್ಪದ ಕಾಲೇಜಿನಲ್ಲಿ ಇಬ್ಬರೂ ಒಂದೇ ಬೆಂಚಿನವರು. ಸೌಂದರ್ಯಾ ಮದುವೆಯಾಗಿ ನರಸಿಂಹರಾಜಪುರ ಸೇರಿದಳು. ಫೋನ್ ಮಾಡಿದರೆ ಸುತ್ತ ಮನೆಮಂದಿ. "ಊಟ ಆಯ್ತಾ?" ಎನ್ನುವಲ್ಲಿಗೆ ಮಾತು ಮುಗಿಯುತ್ತಿತ್ತು. ಆಮೇಲೆ ಅದೂ ನಿಂತಿತು. ಆದರೆ ಸಂಜೆ, ಆಟದೊಳಗಿನ ಸೇತುವೆಯೊಂದಕ್ಕೆ ಇಬ್ಬರೂ ಬರುತ್ತಿದ್ದರು. ಇಬ್ಬರೂ ಸೇರಿ ಮೊಟ್ಟೆಗೆ ಕಾವು ಕೊಟ್ಟು ಮರಿ ಮಾಡಿಸಿದ ನೀಲಿ ಬಾಲದ ಹಕ್ಕಿ ಗುಬ್ಬಣ್ಣ ನಡುವೆ ಕೂರುತ್ತಿದ್ದ. ಮಾತು ಬೇಕಿರಲಿಲ್ಲ. ಪಕ್ಕದಲ್ಲಿ ನಿಂತರೆ ಸಾಕಿತ್ತು.

ಕೆಲವು ಸಂಜೆ ಸೌಂದರ್ಯಾ ಬರುತ್ತಿರಲಿಲ್ಲ. ಅಮೂಲ್ಯಾ ಗುಬ್ಬಣ್ಣನೊಂದಿಗೆ ಕಾಯುತ್ತಿದ್ದಳು. ಹಾಗೆ ಕಾಯುವಾಗ ಗುರುತಿಲ್ಲದ ಆಟಗಾರನೊಬ್ಬ ಕನ್ನಡದಲ್ಲೇ ಬರೆದ: "ನನ್ನ ಹತ್ತಿರ ಜೋಡಿಮರಿ ಇದೆ. ಗೆಳತಿ ಬರದ ದಿನವೂ ಅವಳ ರೂಪದಲ್ಲಿ ನಿನ್ನ ಪಕ್ಕ ನಿಲ್ಲುತ್ತೆ. ಪುಕ್ಕಟೆ. ಫೋನ್ ನಂಬರ್ ಕೊಡು."

ಅವಳು ಕೊಟ್ಟಳು.

ಮರುದಿನ ಮಧ್ಯಾಹ್ನ ಕಿಟಕಿಯಲ್ಲಿದ್ದ ಅವಳ ಫೋನ್ ಬಡಿದುಕೊಂಡಿತು. ತುಂಗಮ್ಮ ಎತ್ತಿದರು. "ಅಮ್ಮಾ, ಅಮೂಲ್ಯಾಗೆ ಗಿಫ್ಟ್ ಕಳಿಸ್ಬೇಕು. ಮೆಸೇಜಲ್ಲಿ ಬಂದ ನಂಬರ್ ಹೇಳ್ತೀರಾ?"

ತುಂಗಮ್ಮ ಕನ್ನಡಕ ಹಾಕಿಕೊಂಡು ಒಂದೊಂದೇ ಅಂಕಿ ಓದಿದರು. "ಇನ್ನೊಂದ್ಸಲ ಹೇಳ್ಲಾ?" ಎಂದೂ ಕೇಳಿದರು.

ಸಂಜೆ ಅಮೂಲ್ಯಾಳಿಗೆ ಆಟ ತೆರೆಯಲೇ ಇಲ್ಲ. ಪಾಸ್‌ವರ್ಡ್ ಬದಲಾಗಿತ್ತು.

"ದೊಡ್ಡಮ್ಮಾ, ಯಾರಿಗಾದ್ರೂ ನಂಬರ್ ಹೇಳಿದ್ರಾ?"

"ಹೇಳ್ದೆ. ಪಾಪ, ಒಳ್ಳೆ ಮಾತಿನ ಹುಡುಗ. ಎಂತಕ್ಕೆ ಅಳ್ತೀಯ ಮಾರಾಯ್ತಿ? ಆಟದ ಗುಬ್ಬಿ ಅಲ್ವಾ? ನಮ್ಮ ಹುಂಜನ್ನ ನರಿ ಹೊತ್ಕೊಂಡು ಹೋದಾಗ ನಾನು ಅತ್ನಾ?"

"ಸೌಂದರ್ಯಾ ಅಲ್ಲಿ ಕಾಯ್ತಿರ್ತಾಳೆ" ಎಂದಷ್ಟೇ ಅಂದಳು ಅಮೂಲ್ಯಾ.

ಊರ ಗ್ರಂಥಾಲಯ ನೋಡಿಕೊಳ್ಳುವ ನಯನ ತನ್ನ ಫೋನ್ ಒಯ್ಯಲು ಬಂದಿದ್ದಳು. "ತುಂಗಮ್ಮಕ್ಕ, ಅದು ಓಟಿಪಿ. ಮನೆ ಬೀಗದ ಕೈ ಇದ್ದ ಹಾಗೆ."

"ಬ್ಯಾಂಕಿಗಾದ್ರೆ ಸೈ. ಆಟದಲ್ಲಿ ಕದಿಯೋಕೆ ಎಂತ ಉಂಟು?"

"ಇವಳ ಹೆಸರುಂಟಲ್ಲ! ಆ ಹೆಸರಲ್ಲಿ ಇವಳ ಜನರನ್ನೆಲ್ಲ ಮಾತಾಡಿಸ್ತಾನೆ."

ಅಷ್ಟರಲ್ಲಿ ಅಮೂಲ್ಯಾಳ ಫೋನ್ ಬಡಿದುಕೊಂಡಿತು. ಸೌಂದರ್ಯಾ! ಗಾಬರಿಯ ಆ ದನಿ ಜಗಲಿಗೆಲ್ಲ ಕೇಳಿಸಿತು.

"ಎಲ್ಲಿದೀಯೇ? ಸೇತುವೆ ಮೇಲೆ ನಿನ್ನ ಹೆಸರಲ್ಲಿ ಯಾರೋ ಬಂದು, 'ಡಿಯರ್, ನಿಂಗೆ ಬಂದ ನಂಬರ್ ಹೇಳು' ಅಂದ್ರು. ನಾನು ಹೇಳ್ಲಿಲ್ಲ. ನೀನು ಯಾವತ್ತು ನನ್ನ ಡಿಯರ್ ಅಂದಿದ್ದೆ? ಗುಬ್ಬಣ್ಣನೂ ಇಲ್ಲ. ನಿಂಗೆ ಎಂತಾಯ್ತೋ ಅಂತ ಜೀವ ಬಾಯಿಗೆ ಬಂತು."

ಅಮೂಲ್ಯಾ ನಡೆದದ್ದನ್ನೆಲ್ಲ ಗೆಳತಿಗೆ ಹೇಳಿದಳು. ತುಂಗಮ್ಮ ಮೆಲ್ಲನೆ ಕುಳಿತರು. "ಆ ಹುಡುಗಿ ಮನೆಗೂ ಕೈ ಹಾಕಿದ್ನಾ! ಬೀಗದ ಕೈ ನಾನೇ ಕೊಟ್ಟೆನಲ್ಲೇ ನಯನ. ಈಗ ಎಂತ ಮಾಡೋದು?"

ನಯನ ಕೂತು ಮಾಡಿಸಿದಳು. ಆಟದ ಕಂಪನಿಗೆ ದೂರು ಬರೆದರು. ಇಮೇಲ್ ಪಾಸ್‌ವರ್ಡ್ ಬದಲಿಸಿದರು. ಸರ್ಕಾರದ ಸೈಬರ್ ಅಪರಾಧ ಜಾಲತಾಣದಲ್ಲೂ ದೂರು ದಾಖಲಿಸಿದರು.

ಗುಬ್ಬಣ್ಣ ಇನ್ನೂ ಸಿಕ್ಕಿಲ್ಲ. ತುಂಗಮ್ಮ ಈಗಲೂ ಗದ್ದೆಯಾಚೆಗೆ ಕೂಗುತ್ತಾರೆ, ಆದರೆ ಹೀಗೆ: "ನಂಬರ್ ಬಂದಿದೆ! ನಾನು ಓದಲ್ಲ, ನೀನೇ ಬಾ!" ಒಮ್ಮೊಮ್ಮೆ, "ಅಮೂಲ್ಯಾ, ಸೌಂದರ್ಯಾ ಫೋನು!" ಆಗ ಅವಳು ಗದ್ದೆಯಂಚಿನಲ್ಲಿ ಓಡಿ ಬರುತ್ತಾಳೆ. ಊಟದ ಮಾತು ಮುಗಿದ ಮೇಲೂ ಇಬ್ಬರೂ ಫೋನ್ ಇಡುವುದಿಲ್ಲ. ಸೇತುವೆಯ ಮೇಲೆ ನಿಂತ ಹಾಗೆ ಸುಮ್ಮನಿರುತ್ತಾರೆ.

ಅಕ್ಕತಂಗಿಯರೇ, ನಿಮ್ಮ ಕಿಟಕಿಯಲ್ಲೂ ಯಾರದೋ ಫೋನ್ ಇರಬಹುದು. ಅದಕ್ಕೆ ಬಂದ ಓಟಿಪಿಯನ್ನು ಯಾರಿಗೂ ಓದಿ ಹೇಳಬೇಡಿ, ಆಟದ್ದಾದರೂ ಸರಿ. ಹಣ ಹೋಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ. ಯಾರನ್ನೋ ನೆನೆದು ಕಾಯುವವರ ಹತ್ತಿರ ಕಳ್ಳ ಗೆಳೆಯನ ಹಾಗೆ ಬರುತ್ತಾನೆ. ಅವನಿಗೆ ನಂಬರ್ ಕೊಡಬೇಡಿ. ನೆನಪಾದವರಿಗೆ ಇವತ್ತೇ ಒಂದು ಫೋನ್ ಮಾಡಿ.