ಉಡಚವ್ವನ ಬಂಗಾರದ ರೇಕು

ಬುದ್ಧನನ್ನು ನೋಡಲು ಮಂಡಾಲೆಗೆ ಹೋಗುವುದೆಂದು ಮಗ ಹುಲಗಪ್ಪ ನಿಶ್ಚಯಿಸಿದ ದಿನದಿಂದ ಉಡಚವ್ವನ ಮನೆಯಲ್ಲಿ ಯಾರಿಗೂ ಶಾಂತಿ ಇರಲಿಲ್ಲ.

ಹುಲಗಪ್ಪ ಧಾರವಾಡದ ಒಂದು ಸರಕಾರಿ ಕಚೇರಿಯಲ್ಲಿ ಹೆಡ್ ಕ್ಲಾರ್ಕ್. ನಾಗಪುರದಲ್ಲಿ ಲಕ್ಷಾಂತರ ಮಂದಿ ಬೌದ್ಧ ದೀಕ್ಷೆ ಪಡೆದ ಮರುವರ್ಷ ತಾನು ಬೌದ್ಧನಾಗಿ, ಮನೆಮಂದಿಯನ್ನೆಲ್ಲ ಬೌದ್ಧರನ್ನಾಗಿ ಮಾಡಿದ್ದ. ಅಂದಿನಿಂದ ತನಗೆ ಸಿಟ್ಟು, ಆಸೆ, ಅಹಂಕಾರ ಯಾವುದೂ ಇಲ್ಲವೆಂದು ಹೆಂಡತಿ ಸಾವಂತ್ರೆವ್ವನಿಗೆ ದಿನಾಲೂ ಸಿಟ್ಟಿನಿಂದ ಹೇಳುತ್ತಿದ್ದ. ಈಗ, ೧೯೬೦ರ ಚಳಿಗಾಲಕ್ಕೆ, ಹುಬ್ಬಳ್ಳಿಯ ಬೌದ್ಧ ಸಮಿತಿಯವರು ಬರ್ಮಾದ ಬೌದ್ಧ ಕ್ಷೇತ್ರಗಳಿಗೆ ಯಾತ್ರೆ ಗೊತ್ತುಮಾಡಿ ಅವನನ್ನು ಮುಖ್ಯಸ್ಥನನ್ನಾಗಿ ಮಾಡಿದ್ದರು. ಮುಖ್ಯಸ್ಥನಾದ ಮೇಲೆ ಮಂಡಾಲೆಯ ಬಗ್ಗೆ ಅವನಿಗೆ ಗೊತ್ತಿಲ್ಲದ ವಿಷಯವೇ ಉಳಿಯಲಿಲ್ಲ. ಊರನ್ನು ಇನ್ನೂ ನೋಡಿರಲಿಲ್ಲ, ಅಷ್ಟೇ.

“ಅಲ್ಲಿಗೆ ಹೋಗಬೇಕಂದ್ರ ಥಂಡಿ ದಿನದಾಗನ ಹೋಗಬೇಕು,” ಎಂದು ಊಟಕ್ಕೆ ಕುಳಿತಾಗಲೆಲ್ಲ ಹೇಳುವನು. “ಮಳಿ ಇರೂದಿಲ್ಲ, ಕೆಸರಿರೂದಿಲ್ಲ. ಮುಂಜಾನೆ ಮಂಜು ಬೀಳತದ, ಹೊತ್ತೇರಿದ ಮ್ಯಾಲೆ ಹದಾ ಬಿಸಲು. ಮೈಮ್ಯಾಲೆ ಒಂದು ಶಾಲು ಇದ್ರ ಸಾಕು.”

“ಹಂಗಾರ ನಮ್ಮ ಧಾರವಾಡದ ಹವಾನ ಆತಲ್ಲೋ,” ಎಂದಳು ಉಡಚವ್ವ. “ಇದನ್ನ ನೋಡಾಕ ಹಡಗ ಹತ್ತಬೇಕೇನು?”

ಹುಲಗಪ್ಪ ಕಣ್ಣು ಮುಚ್ಚಿ ಸಹನೆಯನ್ನು ಅಭ್ಯಾಸ ಮಾಡಿದ. ಅಭ್ಯಾಸ ಇನ್ನೂ ಕಚ್ಚಾ ಇದ್ದುದರಿಂದ ಕಣ್ಣು ಬಿಟ್ಟ ಕೂಡಲೇ ಸಾರಿಗೆ ಉಪ್ಪು ಹೆಚ್ಚಾಗಿದೆಯೆಂದು ಹೆಂಡತಿಯ ಮೇಲೆ ಹರಿಹಾಯ್ದ.

ತಾಯಿಯನ್ನೂ ಕರೆದೊಯ್ಯುವ ಯೋಚನೆ ಅವನಿಗೆ ಮೊದಲು ಇರಲಿಲ್ಲ. ಮುದುಕಿ ತಾಯಿಯನ್ನು ಕರೆದುಕೊಂಡು ಹೋದರೆ ಪೇಪರಿನವರು ಫೋಟೋ ಹಾಕುತ್ತಾರೆಂದು ಸಮಿತಿಯ ಕಾರ್ಯದರ್ಶಿ ಅರ್ಜುನಪ್ಪ ಹೇಳಿದ ಮೇಲೆ ಅವನಿಗೆ ಮಾತೃಭಕ್ತಿ ಉಕ್ಕಿ ಬಂತು. ಉಡಚವ್ವ ಮಾತ್ರ ಸುತಾರಾಂ ಒಲ್ಲೆ ಎಂದಳು. ನೀರಿನ ಮೇಲೆ ಹೋಗುವುದು ಒಲ್ಲೆ, ಆ ಮಂದಿಯ ಕೈಯ ಅನ್ನ ಒಲ್ಲೆ, ಮಗನ ಭಾಷಣವನ್ನು ಪರದೇಶದಲ್ಲೂ ಕೇಳುವುದಂತೂ ಒಲ್ಲೆಂದರೆ ಒಲ್ಲೆ.

“ಅವ್ವಾ, ಅಲ್ಲೊಂದು ದೊಡ್ಡ ಬುದ್ಧ ಅದಾನ. ಮಹಾಮುನಿ ಅಂತಾರ,” ಎಂದ ಹುಲಗಪ್ಪ. “ಬಂದವರು ಬಂಗಾರದ ರೇಕು ತೊಗೊಂಡು ತಮ್ಮ ಕೈಲೆ ಅವನ ಮೈಗೆ ಹಚ್ಚತಾರ. ನಡುವ ಪೂಜಾರಿ ಇಲ್ಲ, ಯಾರೂ ಇಲ್ಲ. ನಿನ್ನ ಕೈಲೆ ನೀನ ಮುಟ್ಟೂದು.”

ರೊಟ್ಟಿ ಬಡಿಯುತ್ತಿದ್ದ ಉಡಚವ್ವನ ಕೈ ನಿಂತಿತು.

ಆಕೆಗೆ ತವರೂರ ದೇವಿಯ ಹೆಸರಿಟ್ಟಿದ್ದರು. ಹೆಸರು ಕೊಟ್ಟ ದೇವಿ ಆಕೆಯನ್ನು ಹತ್ತಿರಕ್ಕೆ ಮಾತ್ರ ಬರಗೊಡಲಿಲ್ಲ. ಗುಡಿಯ ಮುಂದೆ ಒಂದು ಬನ್ನಿಗಿಡ, ಅದರ ಬುಡಕ್ಕೆ ಒಂದು ಕಲ್ಲು. ಉಡಚವ್ವನ ಓಣಿಯವರ ಪಾಲಿನ ಗುಡಿ ಅಲ್ಲಿಗೇ ಮುಗಿಯುತ್ತಿತ್ತು. ಕಾಯಿಯನ್ನು ಕಲ್ಲಿನ ಮೇಲೆ ಇಟ್ಟು ಹಿಂದೆ ಸರಿಯಬೇಕು. ಪೂಜಾರಿ ಬಂದು ಅದಕ್ಕೆ ನೀರು ಚಿಮುಕಿಸಿ ಒಯ್ದು, ಒಡೆದು, ಅರ್ಧ ಹೋಳನ್ನು ಮೇಲಿನಿಂದ ಸೆರಗಿಗೆ ಒಗೆಯುವನು. “ಪುಣ್ಯ ನಿನಗನ ಮುಟ್ಟತೈತಿ ಹೋಗು” ಎನ್ನುವನು. ಪುಣ್ಯಕ್ಕೆ ಮೈಲಿಗೆ ಇರಲಿಲ್ಲ, ಕೈಗೆ ಮಾತ್ರ ಇತ್ತು. ದೇವರು ತಣ್ಣಗಿರುತ್ತಾನೋ ಬೆಚ್ಚಗಿರುತ್ತಾನೋ, ನುಣ್ಣಗೋ ಒರಟೋ, ತಲೆಗೂದಲು ಹಣ್ಣಾದರೂ ಉಡಚವ್ವನಿಗೆ ಗೊತ್ತಾಗಲಿಲ್ಲ. ಸಾಯುವುದರೊಳಗೆ ಒಮ್ಮೆ ಮುಟ್ಟಿ ನೋಡಬೇಕೆಂಬ ಆಸೆಯನ್ನು ಆಕೆ ಯಾರ ಮುಂದೆಯೂ ಬಾಯಿಬಿಟ್ಟಿರಲಿಲ್ಲ.

“ಖರೇನ ಯಾರೂ ತಡಿಯೂದಿಲ್ಲಾ?” ಎಂದಳು.

“ಬುದ್ಧನ ಊರಾಗ ತಡಿಯೂದಂದ್ರೇನು ಅವ್ವಾ!” ಎಂದು ಹುಲಗಪ್ಪ ಎದೆ ಮುಟ್ಟಿಕೊಂಡು ಹೇಳಿದ.

ಅಂದಿನಿಂದ ಉಡಚವ್ವ ಅಭ್ಯಾಸಕ್ಕೆ ಕುಳಿತಳು. ರೇಕು ಉಸಿರಿಗೂ ಹಾರುವಷ್ಟು ತೆಳ್ಳಗಿರುತ್ತದೆಂದು ಯಾರೋ ಹೇಳಿದ್ದರು. ಕಳೆ ಕಿತ್ತು, ರೊಟ್ಟಿ ಬಡಿದು ಒರಟಾದ ತನ್ನ ಬೆರಳಿಗೆ ಅದು ಹರಿದುಹೋದರೆ ಏನು ಗತಿ? ಉಳ್ಳಾಗಡ್ಡಿಯ ಒಳಸಿಪ್ಪೆಯನ್ನು ಬಿಡಿಸಿ, ನೀರಿನ ಕೊಡದ ಮೇಲೆ ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿ ಒತ್ತಿ ನೋಡಿದಳು. ಸಾವಂತ್ರೆವ್ವ ಬಾಯಿಗೆ ಸೆರಗು ಹಿಡಿದು ನಕ್ಕಳು. “ಅತ್ತಿ, ನಮ್ಮ ಕೊಡ ಬುದ್ಧ ಆಗೂದರಾಗ ನೀವು ಹೋಗಿ ಬರ್ರಿ.”

ಕಡಕ ರೊಟ್ಟಿಯ ಗಂಟು, ಶೇಂಗಾ ಹಿಂಡಿ, ಒಂದು ಕೌದಿ ಕಟ್ಟಿಕೊಂಡು ಉಡಚವ್ವ ಹೊರಟಳು. ಹುಬ್ಬಳ್ಳಿಯಿಂದ ಮದರಾಸಿಗೆ ರೈಲು, ಅಲ್ಲಿಂದ ರಂಗೂನಿಗೆ ಹಡಗು. ಹಡಗಿನ ಡೆಕ್ಕಿನ ಮೇಲೆ ಹುಬ್ಬಳ್ಳಿಯ ಒಬ್ಬ ಅರಳೆ ವ್ಯಾಪಾರಿ ಸಿಕ್ಕ. ಸಮುದ್ರದ ನಡುವೆ ತನ್ನ ಕಡೆಯವರು ಸಿಕ್ಕರೆಂಬ ಸಂತೋಷದಲ್ಲಿ ಅವನು ಕೇಳಿದ ಮೊದಲ ಪ್ರಶ್ನೆ, “ನೀವು ಯಾವ ಪೈಕಿರಿ?” ಹುಲಗಪ್ಪ “ಬೌದ್ಧರು” ಎಂದ. ವ್ಯಾಪಾರಿ “ಅದು ಸರಿ, ಅದಕ್ಕೂ ಮದಲ?” ಎಂದ. ಆಮೇಲೆ ರಂಗೂನು ಮುಟ್ಟುವವರೆಗೂ ಅವನು ತನ್ನ ನೀರಿನ ಹೂಜಿಯನ್ನು ಕಾಲುಗಳ ನಡುವೆ ಇಟ್ಟುಕೊಂಡು ಕುಳಿತಿದ್ದ.

ಮಂಡಾಲೆ ಹುಲಗಪ್ಪ ಹೇಳಿದಂತೆಯೇ ಇತ್ತು. ಮುಂಜಾನೆ ಮಂಜು, ಹೊತ್ತೇರಿದರೆ ಹಿತವಾದ ಬಿಸಿಲು, ರಸ್ತೆಯಲ್ಲಿ ಒಣ ಧೂಳು. ಅರಸರ ಕಾಲದ ಕೋಟೆ, ಕೋಟೆಯ ಸುತ್ತ ಅಗಲವಾದ ಕಂದಕ, ಕಂದಕದ ನೀರಿನಲ್ಲಿ ತಲೆಕೆಳಗಾದ ಕೋಟೆ. ಒಳಗಿನ ಅರಮನೆ ಯುದ್ಧದಲ್ಲಿ ಸುಟ್ಟುಹೋಗಿತ್ತು. ಇಲ್ಲದ ಅರಮನೆಯನ್ನು ಹುಲಗಪ್ಪ ಬಹಳ ವಿವರವಾಗಿ ತೋರಿಸಿದ. ಉಡಚವ್ವ ಅದನ್ನು ಕೇಳುತ್ತಿರಲಿಲ್ಲ. ಕೆನ್ನೆಗೆ ಗಂಧದಂಥದ್ದೇನೋ ಬಳಿದುಕೊಂಡು, ತಲೆಯ ಮೇಲೆ ಬುಟ್ಟಿ ಹೊತ್ತು ನಡೆಯುವ ಹೆಂಗಸರನ್ನು ನೋಡುತ್ತಿದ್ದಳು. ಅವರ ನಡಿಗೆ ಆಕೆಯ ಮನಸ್ಸಿಗೆ ಬಂತು. ಇವರು ದಿನಾ ದೇವರನ್ನು ಮುಟ್ಟುತ್ತಾರಲ್ಲ, ಅದಕ್ಕೇ ಹೀಗೆ ನಡೆಯುತ್ತಾರೆ ಎಂದುಕೊಂಡಳು.

ಮಹಾಮುನಿಯ ದರ್ಶನದ ದಿನ ಉಡಚವ್ವ ಬಲಗೈಯನ್ನು ಬೂದಿಯಿಂದ ತಿಕ್ಕಿ ತೊಳೆದು ಒಂದಿಷ್ಟು ಕೊಬ್ಬರಿ ಎಣ್ಣೆ ಸವರಿಕೊಂಡಳು. ಬಾಗಿಲ ಅಂಗಡಿಯಲ್ಲಿ ಹುಲಗಪ್ಪ ತನಗೊಂದು, ಆಕೆಗೊಂದು ರೇಕಿನ ಪೊಟ್ಟಣ ಕೊಂಡ. ಉದ್ದನೆಯ ಪಡಸಾಲೆ ದಾಟಿದರೆ ಎದುರಿಗೇ ಬುದ್ಧ. ಎಷ್ಟೋ ಕಾಲದಿಂದ ಹಚ್ಚಿದ ಬಂಗಾರ ದಪ್ಪವಾಗಿ, ಮೈಯೆಲ್ಲ ಗಂಟು ಗಂಟಾಗಿ ಹೊಳೆಯುತ್ತಿತ್ತು. ಮನುಷ್ಯರ ಬೆರಳು ಮುಟ್ಟೀ ಮುಟ್ಟೀ ದೇವರ ಆಕಾರವೇ ಬದಲಾಗಿದೆಯೆಂದು ಉಡಚವ್ವ ಕಂಡಳು. ಪೊಟ್ಟಣ ಹಿಡಿದು ಮೆಟ್ಟಿಲ ಕಡೆ ಹೆಜ್ಜೆ ಇಟ್ಟಳು.

ಅಲ್ಲಿದ್ದ ಲುಂಗಿಯ ಕಾವಲುಗಾರ ಅಂಗೈ ಎತ್ತಿ ತಡೆದ.

ಅವನ ಭಾಷೆ ಉಡಚವ್ವನಿಗೆ ತಿಳಿಯಲಿಲ್ಲ. ಆ ಕೈ ಮಾತ್ರ ಚೆನ್ನಾಗಿ ತಿಳಿಯಿತು. ಯೋಚನೆ ಮಾಡುವ ಮೊದಲೇ ಆಕೆಯ ಕಾಲು ಹಿಂದೆ ಸರಿದಿತ್ತು, ಸೆರಗು ತಲೆಯ ಮೇಲೆ ಬಂದಿತ್ತು. ಇಷ್ಟು ದೂರ ಬಂದರೂ ತನ್ನ ಕಾಲು ತವರೂರನ್ನು ಮರೆತಿಲ್ಲವಲ್ಲ ಎಂದು ಕಾಲಿನ ಮೇಲೆಯೇ ಸಿಟ್ಟು ಬಂತು.

ಹುಲಗಪ್ಪನ ಮುಖ ಬಿಳಿಚಿತು. “ಇವರಿಗೆ ಯಾರ ಹೇಳಿದ್ರು?” ಎಂದು ಪಿಸುಗುಟ್ಟಿದ. ಮರುಕ್ಷಣವೇ, “ಆ ಅರಳೀ ಶೇಟಜೀನ! ಹಡಗಿನಾಗ ಕೇಳಿದಾಗನ ನನಗ ಗೊತ್ತಾಗಿತ್ತು!” ಎಂದು ಕೂಗಿಕೊಂಡ. ಕೋಟಿನ ಒಳಜೇಬಿನಿಂದ ದೀಕ್ಷೆಯ ಪ್ರಮಾಣಪತ್ರ ತೆಗೆದು ಕಾವಲುಗಾರನ ಮೂಗಿನ ಮುಂದೆ ಹಿಡಿದ. ತಾವು ವಿಧಿವತ್ತಾಗಿ ಬೌದ್ಧರಾದವರೆಂದೂ, ಹಿಂದಿನದನ್ನು ಕೇಳುವ ಅಧಿಕಾರ ಯಾರಿಗೂ ಇಲ್ಲವೆಂದೂ, ಈ ವಿಷಯದಲ್ಲಿ ತಕ್ಷಣ ಕ್ರಮ ಕೈಕೊಳ್ಳಬೇಕೆಂದೂ ಕಚೇರಿಯ ಇಂಗ್ಲಿಷಿನಲ್ಲಿ ಗುಡುಗಿದ. ಭಾಷಣದ ಹುಲಗಪ್ಪ ಎಲ್ಲೋ ಹೋಗಿ, ಸಾಲೆಯ ಹೊರಗೆ ಕೂತು ಅಕ್ಷರ ಕಲಿತ ಹುಡುಗ ನಿಂತಿದ್ದ. ಉಡಚವ್ವನಿಗೆ ಆಗ ಮಗನ ಮೇಲೆ ಹೊಟ್ಟೆ ತುಂಬ ಮಮತೆ ಬಂತು.

ಕಾವಲುಗಾರ ಪತ್ರವನ್ನು ಎರಡೂ ಕೈಯಿಂದ ಮರ್ಯಾದೆಯಿಂದ ಮರಳಿಸಿ, ಪಕ್ಕದ ಫಲಕ ತೋರಿಸಿದ. ಕೆಳಗೆ ಇಂಗ್ಲಿಷಿನಲ್ಲೂ ಬರೆದಿತ್ತು. ಹುಲಗಪ್ಪ ಓದಿದ. ಮತ್ತೊಮ್ಮೆ ಓದಿದ. ಮುಖಕ್ಕೆ ರಕ್ತ ಮರಳಿ ಬಂತು, ಹಿಂದೆಯೇ ನಗು ಬಂತು.

“ಏ ಅವ್ವಾ! ಜಾತಿ ಮಾತಲ್ಲವ್ವಾ! ಹೆಂಗಸರಿಗಷ್ಟ ಇಲ್ಲಂತ!”

“ಅಷ್ಟನಾ?” ಎಂದಳು ಉಡಚವ್ವ.

“ಅಷ್ಟ! ನಾ ಎಷ್ಟ ಅಂಜಿದ್ನಿ ಅಂತಿ!” ಅವನು ಹಣೆಯ ಬೆವರು ಒರೆಸಿಕೊಂಡ. ಕಾವಲುಗಾರನ ಭುಜ ತಟ್ಟಿ ಕ್ಷಮೆ ಕೇಳಿದ. “ತಾ, ನಿನ್ನ ರೇಕೂ ನಾನ ಹಚ್ಚಿ ಬರ್ತೇನಿ. ಪುಣ್ಯ ನಿನಗನ ಮುಟ್ಟತದ.”

ಈ ಮಾತನ್ನು ಆಕೆ ಎಲ್ಲಿ ಕೇಳಿದ್ದಳೆಂದು ಹೇಳಬೇಕಾಗಿಲ್ಲ. ಮಮತೆ ಬಂದ ದಾರಿಯಲ್ಲೇ ಮರಳಿ ಹೋಯಿತು.

“ಬ್ಯಾಡ,” ಎಂದು ಪೊಟ್ಟಣವನ್ನು ಎಲೆ ಅಡಿಕೆಯ ಸಂಚಿಯೊಳಗೆ ಸೇರಿಸಿದಳು. “ನನ್ನ ಪುಣ್ಯ ನನ್ನ ಸಂಚ್ಯಾಗ ಇರ್ಲಿ. ನೀ ಹೋಗಿ ಬಾ, ಫೋಟೋದವ ಕಾಯಾಕತ್ತಾನ.”

ಹುಲಗಪ್ಪ ಹೋದ. ಕಟಕಟೆಯ ಹೊರಗೆ ಹೆಂಗಸರು ಚಾಪೆಯ ಮೇಲೆ ಕುಳಿತು ಕೈಮುಗಿಯುತ್ತಿದ್ದರು. ಒಬ್ಬ ಮುದುಕಿ ಸರಿದು ಉಡಚವ್ವನಿಗೆ ಜಾಗ ಕೊಟ್ಟಳು. “ನಿನಗೂ ಬಿಡಂಗಿಲ್ಲೇನವ್ವಾ?” ಎಂದು ಕೇಳಿದಳು ಉಡಚವ್ವ. ಮುದುಕಿ ಏನು ತಿಳಿದುಕೊಂಡಳೋ, ಒಳಗೆ ರೇಕು ಹಚ್ಚುತ್ತಿದ್ದ ಗಂಡನನ್ನು ಬೆರಳು ಮಾಡಿ ತೋರಿಸಿ ಹೆಮ್ಮೆಯಿಂದ ನಕ್ಕಳು. ಬುಟ್ಟಿ ಹೊತ್ತು ಅಷ್ಟು ಚಂದ ನಡೆಯುವವರ ಗತಿಯೂ ಇದೇ ಎಂದು ಉಡಚವ್ವನಿಗೆ ಕೆಡುಕೆನಿಸಿತು.

ತಿರುಗಿ ಬಂದ ಮೇಲೆ ಹುಬ್ಬಳ್ಳಿಯ ದೇಶಪಾಂಡೆ ನಗರದಲ್ಲಿ ಯಾತ್ರಿಕರಿಗೆ ಸತ್ಕಾರ. ಅಮ್ಮಿನಬಾವಿ, ಉಪ್ಪಿನಬೆಟಗೇರಿಯಿಂದಲೂ ಮಂದಿ ಬಂದು ಸಭಾಗೃಹ ತುಂಬಿತ್ತು. ಮಂಡಾಲೆಯಿಂದ ತಂದ ಬಿಳಿ ಕಲ್ಲಿನ ಪುಟ್ಟ ಬುದ್ಧನನ್ನು ವೇದಿಕೆಯ ಕೆಳಗೆ ಮೇಜಿನ ಮೇಲೆ ಇಟ್ಟು, ಗದ್ದಲ ಆಗಬಾರದೆಂದು ಮುಂದೆ ಹಗ್ಗ ಕಟ್ಟಿದ್ದರು. ಅರ್ಜುನಪ್ಪ ವ್ಯವಸ್ಥೆಯನ್ನು ಸಾರಿದ. ಗಂಡಸರು ಸಾಲಾಗಿ ಬಂದು ಮೂರ್ತಿಗೆ ಹೂವು ಏರಿಸುವುದು. ವೇಳೆ ಕಡಿಮೆ ಇರುವುದರಿಂದ ತಾಯಂದಿರು ಹಗ್ಗದ ಹೊರಗಿನ ಬುಟ್ಟಿಯಲ್ಲಿ ಹೂವು ಹಾಕಿದರೆ ಸಾಕು, ಸ್ವಯಂಸೇವಕರು ಮುಟ್ಟಿಸುತ್ತಾರೆ.

ಗಂಡಸರ ಸಾಲು ಮುಗಿಯುತ್ತ ಬಂದಿತ್ತು. ವೇದಿಕೆಯ ಮೇಲೆ ಹುಲಗಪ್ಪ ಮೈಕು ಹಿಡಿದು, ಮಂಡಾಲೆಯ ಕೋಟೆ ದಾಟಿ, ಮಹಾಮುನಿಯ ಸನ್ನಿಧಿಗೆ ಬಂದಿದ್ದ. “ಬಂಧುಗಳೇ, ಅಲ್ಲಿ ಮೇಲು ಇಲ್ಲ, ಕೀಳು ಇಲ್ಲ. ಬಂದ ಯಾರನ್ನೂ ತಡೆಯುವುದಿಲ್ಲ!” ಎಂದ. ಚಪ್ಪಾಳೆ ಬಿತ್ತು. ಅವನು ಸುಳ್ಳು ಹೇಳುತ್ತಿರಲಿಲ್ಲ. ತಡೆದದ್ದು ಅವನಿಗೆ ನಿಜವಾಗಿಯೂ ಮರೆತುಹೋಗಿತ್ತು. ಉಡಚವ್ವನಿಗೆ ಸಿಟ್ಟು ಬಂದದ್ದು ಅದಕ್ಕೇ.

ಆಕೆ ಎದ್ದಳು. ಸಂಚಿಯಿಂದ ಪೊಟ್ಟಣ ತೆಗೆದುಕೊಂಡು ಹಗ್ಗದ ಹತ್ತಿರ ನಡೆದಳು. ಅರ್ಜುನಪ್ಪ ಓಡಿ ಬಂದು ಅಂಗೈ ಎತ್ತಿದ.

“ಆಯಿ, ನೀವು ಅಲ್ಲೇ ನಿಂದರ್ರಿ.”

ಈ ಸಲ ಉಡಚವ್ವ ತನ್ನ ಕಾಲಿನ ಮೇಲೆ ಕಣ್ಣಿಟ್ಟಿದ್ದಳು. ಅದು ಹಿಂದೆ ಸರಿಯಲಿಲ್ಲ.

“ಯಾಕಪಾ?” ಎಂದಳು ಎಲ್ಲರಿಗೂ ಕೇಳುವಂತೆ. “ಜಾತಿ ಮಾತೇನು?”

ಅರ್ಜುನಪ್ಪ ನಾಲಗೆ ಕಚ್ಚಿಕೊಂಡ. “ಛೇ ಛೇ, ಏನಂತೀರಿ ಆಯಿ! ನಮ್ಮೊಳಗ ಎಲ್ಲೀ ಜಾತಿ? ಇದು ಹೆಂಗಸರಿಗಷ್ಟ...”

“ಹುಲಗ್ಯಾ, ಕೇಳಿದೇನೋ?” ಉಡಚವ್ವ ವೇದಿಕೆಯ ಕಡೆ ಮುಖ ಎತ್ತಿದಳು. “ಇಲ್ಲೂ ಅಷ್ಟ ಅಂತ.”

ಮೈಕು ಗುಂಯ್ ಎಂದಿತು. ಹುಲಗಪ್ಪ ತಾಯಿಯ ಕೈಯಲ್ಲಿದ್ದ ಪೊಟ್ಟಣವನ್ನು ನೋಡಿದ. ಅದು ಎಲ್ಲಿಯದೆಂದು ನೆನಪಾದಂತೆ ಅವನ ಮುಖ ಇಳಿಯುತ್ತ ಹೋಯಿತು. ಅವನು ಮೈಕು ಬಿಟ್ಟು, ಮೆಟ್ಟಿಲಿಳಿದು ಬಂದು ಹಗ್ಗ ಹಿಡಿದು ಮೇಲಕ್ಕೆತ್ತಿದ.

ಉಡಚವ್ವ ತಲೆ ಬಗ್ಗಿಸದೆ ಒಳಗೆ ಹೋದಳು. ರೇಕನ್ನು ಬುದ್ಧನ ಮೊಣಕಾಲಿನ ಮೇಲಿಟ್ಟು ಹೆಬ್ಬೆರಳಿನಿಂದ ಮೆಲ್ಲಗೆ ಒತ್ತಿದಳು. ಕೊಡದ ಮೇಲೆ ಕಲಿತ ವಿದ್ಯೆ ಪೂರ್ತಿ ಕೈಹಿಡಿಯಲಿಲ್ಲ; ಅರ್ಧ ರೇಕು ದೇವರಿಗೆ ಹತ್ತಿತು, ಅರ್ಧ ಆಕೆಯ ಬೆರಳಿಗೇ ಉಳಿಯಿತು. ಕಲ್ಲು ತಣ್ಣಗಿತ್ತು, ಬಹಳ ನುಣ್ಣಗಿತ್ತು. ಕೈ ತೆಗೆಯಲು ಮನಸ್ಸು ಬರಲಿಲ್ಲ. ಕಣ್ಣಲ್ಲಿ ನೀರು ಬಂದದ್ದನ್ನು ಆಕೆ ಮುಚ್ಚಲಿಲ್ಲ.

ಆಮೇಲೆ ತಿರುಗಿ ನೋಡಿ, “ಸಾವಂತ್ರೀ, ಅಲ್ಲೇನ ನಿಂತೀ? ಕರಕೊಂಡ ಬಾ ಎಲ್ಲಾರನೂ,” ಎಂದಳು.

ಸಾವಂತ್ರೆವ್ವ ಎದ್ದಳು. ಆಕೆಯ ಹಿಂದೆ ಅಮ್ಮಿನಬಾವಿಯವರು, ಉಪ್ಪಿನಬೆಟಗೇರಿಯವರು, ಇಡೀ ಸಭಾಗೃಹದ ಹೆಂಗಸರು ಎದ್ದರು. ಹುಲಗಪ್ಪ ಹಗ್ಗವನ್ನು ಬಿಚ್ಚಬಹುದಿತ್ತು. ಆದರೆ ಸಮಿತಿ ಕಟ್ಟಿದ ಹಗ್ಗವನ್ನು ಠರಾವಿಲ್ಲದೆ ಬಿಚ್ಚುವಷ್ಟು ಮುಕ್ತಿ ಅವನಿಗೆ ಇನ್ನೂ ಸಿಕ್ಕಿರಲಿಲ್ಲ. ಎತ್ತಿ ಹಿಡಿದೇ ನಿಂತ. ಒಬ್ಬೊಬ್ಬರೇ ಅದರ ಕೆಳಗೆ ಹಾದು, ಬುದ್ಧನ ಹತ್ತಿರ ಹೋಗಿ, ಹೂವನ್ನು ಇಟ್ಟು, ಕಾಲು ಮುಟ್ಟಿ, ಸಾವಕಾಶ ಮಾತಾಡಿಸಿ ಬರುತ್ತಿದ್ದರು. ಯಾರಿಗೂ ಅವಸರ ಇರಲಿಲ್ಲ.

ಸಾಲು ಅರ್ಧಕ್ಕೆ ಬಂದಾಗ ಉಡಚವ್ವ ಮಗನ ಪಕ್ಕಕ್ಕೆ ಬಂದು ನಿಂತಳು.

“ಕೈ ನೋಯಾಕತ್ತಾವೇನೋ?”

“ನೋಯಾಕತ್ತಾವ ಅವ್ವಾ.”

“ಅಷ್ಟ ಅಲ್ಲೇನು?” ಎಂದಳು ಉಡಚವ್ವ. “ಹಿಡಿ.”