ಬೇಕರಿ ಅಜ್ಜಿಯ ಬೆಕ್ಕು

ಟೈಲರ್ ಅಂಗಡಿಯಲ್ಲಿ ಐದು ವರ್ಷದ ಮಗು ಮುಟ್ಟಬಾರದ ವಸ್ತುಗಳೇ ಜಾಸ್ತಿ. ಕತ್ತರಿ ಮುಟ್ಟಬಾರದು, ಸೂಜಿ ಮುಟ್ಟಬಾರದು, ಇಸ್ತ್ರಿಪೆಟ್ಟಿಗೆಯ ಹತ್ತಿರ ಸುಳಿಯಬಾರದು, ಗಿರಾಕಿಗಳ ಬಟ್ಟೆಯ ಮೇಲೆ ಕೂರಬಾರದು. ಬೇಕರಿಯಲ್ಲಿ ಹಾಗಲ್ಲ. ಅಲ್ಲಿ ಕೈಗೊಂದು ಹಿಟ್ಟಿನ ಉಂಡೆ ಕೊಟ್ಟು ಆನೆ ಮಾಡು, ಆಮೆ ಮಾಡು ಅನ್ನುತ್ತಾರೆ. ಮಾಡಿದ್ದನ್ನು ಬೇಯಿಸಿ ತಿನ್ನುವುದಕ್ಕೂ ಕೊಡುತ್ತಾರೆ. ಇಂಥ ಪೈಪೋಟಿಯಲ್ಲಿ ಗೆಲ್ಲುವವರು ಯಾರೆಂದು ಹೇಳಲು ಜ್ಯೋತಿಷಿ ಬೇಕಿಲ್ಲ. ಆದರೆ ಟೈಲರ್ ಅಜ್ಜಿ ಸುಮ್ಮನೆ ಸೋಲೊಪ್ಪಿಕೊಳ್ಳುವ ಪೈಕಿಯಲ್ಲ.

ಇಬ್ಬರು ಅಜ್ಜಿಯರಿಗೂ ಹೆಸರಿಟ್ಟವಳು ಮೊಮ್ಮಗಳು ಗುಬ್ಬಿಯೇ. ಅಮ್ಮನ ಅಮ್ಮ ಟೈಲರ್ ಅಜ್ಜಿ, ಅಪ್ಪನ ಅಮ್ಮ ಬೇಕರಿ ಅಜ್ಜಿ. ಗುಬ್ಬಿಯ ಅಪ್ಪ ಅಮ್ಮ ಇಬ್ಬರಿಗೂ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ಹಾಗಾಗಿ ವಾರವೆಲ್ಲ ಶಾಲೆ ಬಿಟ್ಟ ಮೇಲೆ ಮಗು ಟೈಲರ್ ಅಂಗಡಿಯಲ್ಲಿರುತ್ತಿತ್ತು, ಭಾನುವಾರ ಮಾತ್ರ ಬೇಕರಿಯಲ್ಲಿ. ಲೆಕ್ಕಕ್ಕೆ ನೋಡಿದರೆ ಟೈಲರ್ ಅಜ್ಜಿಯ ಪಾಲೇ ದೊಡ್ಡದು. ಆದರೆ ಆ ಒಂದು ಭಾನುವಾರದ ಕತೆಯನ್ನು ಉಳಿದ ಆರೂ ದಿನ ಕೇಳುತ್ತ ಕೂರುವ ಕರ್ಮ ಯಾರಿಗೆ ಬೇಕು? ಬೇಕರಿ ಅಜ್ಜಿ ಹಾಗಂದಳು, ಬೇಕರಿ ಅಜ್ಜಿಯ ಬೆಕ್ಕು ಹೀಗೆ ಮಾಡಿತು. ಟೈಲರ್ ಅಜ್ಜಿ ಮಷೀನನ್ನು ಜೋರಾಗಿ ತುಳಿದು ಆ ಮಾತನ್ನು ಮುಳುಗಿಸಲು ನೋಡುತ್ತಿದ್ದಳು. ಗುಬ್ಬಿಯ ಗಂಟಲು ಮಷೀನಿಗಿಂತ ಜೋರು.

ಟೈಲರ್ ಅಜ್ಜಿಯ ಹತ್ತಿರ ಇದ್ದದ್ದು ಒಂದೇ ಅಸ್ತ್ರ, ಫ್ರಾಕು. ಮನೆಯಲ್ಲಿ, ಅಂಗಡಿಯಲ್ಲಿ ಗುಬ್ಬಿ ತೊಡುತ್ತಿದ್ದದ್ದು ಒಗೆದು ಒಗೆದು ಮೆತ್ತಗಾದ ಹಳೇ ಹತ್ತಿ ಬಟ್ಟೆ. ಒಳ್ಳೇ ಫ್ರಾಕೆಲ್ಲ ಭಾನುವಾರಕ್ಕೆ, ಅಂದರೆ ಬೀಗಿತ್ತಿಯ ಕಣ್ಣಿಗೆ. ನೆರಿಗೆ, ಕಾಲರು, ತೋಳಿಗೆ ಪುಗ್ಗೆ, ಬೆನ್ನಿನ ಉದ್ದಕ್ಕೂ ಹೊರಗೆ ಕಾಣದ ಹಾಗೆ ಲೋಹದ ಟಿಚ್ ಬಟನ್. ಬಟನ್ ಹೊಲಿಯುವಾಗ ಅವಳು ಟೇಪು ಹಿಡಿಯುತ್ತಿರಲಿಲ್ಲ. ಒಂದು ಬಟನ್ನಿನ ಕೆಳಗೆ ಎರಡು ಬೆರಳು ಇಟ್ಟು ಮುಂದಿನದನ್ನು ಕೂರಿಸುವಳು. ಅಂತರ ಒಂದು ಎಳೆಯಷ್ಟೂ ತಪ್ಪುತ್ತಿರಲಿಲ್ಲ.

"ಬಟನ್ ಒಳಗಡೆ ಬಟ್ಟೆ ಪಟ್ಟಿ ಕೊಡಲ್ವೇನೇ?" ಎಂದು ಗಂಡ ಕೇಳಿದ್ದ. ಕಟಿಂಗ್ ಅವನದು, ಕೈ ಹೊಲಿಗೆ ಅವಳದು.

"ಪಟ್ಟಿ ಕೊಟ್ರೆ ಬೆನ್ನು ದಪ್ಪ ಕಾಣತ್ತೆ. ಯಾವುದೋ ರೆಡಿಮೇಡ್ ಅನ್ಕೋತಾಳೆ ಆಕೆ."

"ಫ್ರಾಕು ಮಗೂಗೋ, ಆಕೆಗೋ?"

ಅಜ್ಜಿ ಹಲ್ಲಲ್ಲಿ ದಾರ ಕಡಿದು ಮುಂದಿನ ಬಟನ್ ಎತ್ತಿಕೊಂಡಳು.

ಬೇಸಿಗೆ ಶುರುವಾಗುವ ಹೊತ್ತಿಗೆ ಗುಬ್ಬಿಗೆ ತುರಿಕೆ ಹತ್ತಿತು. ಸೋಮವಾರ ಅಂಗಡಿಗೆ ಬಂದವಳು ಬಾಗಿಲ ಚೌಕಟ್ಟಿಗೆ ಬೆನ್ನು ಉಜ್ಜುತ್ತ ನಿಲ್ಲುವಳು. ಅಂಗಿ ಎತ್ತಿದರೆ ಬೆನ್ನೆಲ್ಲ ಕೆಂಪು ದದ್ದು, ಅದರ ಮೇಲೆ ಪರಚಿದ ಗೆರೆ. ಹತ್ತಿರದ ಡಾಕ್ಟರು ಮುಲಾಮು ಕೊಟ್ಟರು. ಶನಿವಾರದ ಹೊತ್ತಿಗೆ ಬೆನ್ನು ನುಣ್ಣಗಾಯಿತು. ಸೋಮವಾರ ನೋಡಿದರೆ ಮತ್ತೆ ಅದೇ ಕತೆ. ಮತ್ತೊಂದು ವಾರವೂ ಹಾಗೆಯೇ ಆಯಿತು.

ಟೈಲರ್ ಅಜ್ಜಿಗೆ ಸಂಕಟವಾಗದೇ ಇರಲಿಲ್ಲ. ಮಗು ಪರಚಿಕೊಂಡಾಗೆಲ್ಲ ಕೈ ಹಿಡಿದು ತಡೆದು ಬೆನ್ನಿಗೆ ಗಾಳಿ ಊದುತ್ತಿದ್ದಳು. ಆದರೆ ಆ ಸಂಕಟದ ಪಕ್ಕದಲ್ಲೇ, ಕರೆಯದೆ ಬಂದ ನೆಂಟನ ಹಾಗೆ, ಒಂದು ಸಣ್ಣ ಖುಷಿಯೂ ಬಂದು ಕೂತಿತು. ಬೇಕರಿಗೆ ಹೋಗಿ ಬಂದರೆ ದದ್ದು, ಹೋಗದಿದ್ದರೆ ಇಲ್ಲ. ಇನ್ನೇನು ಸಾಕ್ಷಿ ಬೇಕು?

ಮಂಗಳವಾರವೇ ಬೇಕರಿಯ ಮುಂದೆ ಹೋಗಿ ನಿಂತಳು. ಮೆಟ್ಟಿಲ ಮೇಲೆ ಹಳದಿ ಬೆಕ್ಕು ಕಾಲು ಚಾಚಿ ಬಿಸಿಲು ಕಾಯುತ್ತಿತ್ತು.

"ಬೀಗ್ರೇ, ಹೇಳ್ತೀನಿ ಅಂತ ಬೇಜಾರು ಮಾಡ್ಕೋಬೇಡಿ. ಎಲ್ಲಾ ಈ ಬೆಕ್ಕಿಂದಲೇ."

"ಇದಾ?" ಬೇಕರಿ ಅಜ್ಜಿ ಹಿಟ್ಟಿನ ಕೈಯನ್ನು ಎದೆಗೆ ಒತ್ತಿಕೊಂಡಳು. "ಇದು ಒಳಗೇ ಬರಲ್ವಲ್ಲ. ನಮ್ಮನೆಯವರು ಇದ್ದಾಗಿಂದ್ಲೂ ಇದೇ ಮೆಟ್ಟಿಲ ಮೇಲಿದೆ."

"ಕೂದಲು ಹಾರತ್ತೆ ಅಲ್ವಾ. ಮಗು ಮುಖ್ಯವೋ ಬೆಕ್ಕೋ, ನೀವೇ ನೋಡಿ."

ಗಂಡ ತೀರಿಕೊಂಡ ಮೇಲೆ ಬೇಕರಿ ಅಜ್ಜಿ ಒಂಟಿಯಾಗಿದ್ದಳು. ಸಂಜೆ ಅಂಗಡಿ ಮುಚ್ಚಿದ ಮೇಲೆ ಅವಳು ಮಾತಾಡುತ್ತಿದ್ದದ್ದು ಆ ಬೆಕ್ಕಿನ ಜೊತೆ ಎಂಬುದು ಟೈಲರ್ ಅಜ್ಜಿಗೆ ಗೊತ್ತಿತ್ತು. ಗೊತ್ತಿದ್ದೂ ಹೇಳಿದಳು. ಮರುದಿನ ಬೆಕ್ಕು ಹಿಂದಿನ ಬೀದಿಯ ಬೈಂಡಿಂಗ್ ಅಂಗಡಿಯವನ ಪಾಲಾಯಿತು.

ಮುಂದಿನ ಸೋಮವಾರ ಗುಬ್ಬಿ ಮತ್ತೆ ಬೆನ್ನು ಉಜ್ಜುತ್ತ ಬಂದಳು.

"ಬೆಕ್ಕಲ್ಲ ಅಂತಾಯ್ತಲ್ಲ," ಎಂದ ಬಟ್ಟೆ ಕತ್ತರಿಸುತ್ತಿದ್ದ ತಾತ.

"ಹಂಗಾದ್ರೆ ಹಿಟ್ಟು. ಇಲ್ಲಾ ಆ ಒಲೆ ಹೊಗೆ. ಒಟ್ನಲ್ಲಿ ಅಲ್ಲೇ ಏನೋ ಇದೆ," ಎಂದಳು ಅಜ್ಜಿ. ತಾತನೂ ಹೆಚ್ಚು ವಾದಿಸಲಿಲ್ಲ. ಭಾನುವಾರ ಮೊಮ್ಮಗಳಿಲ್ಲದ ಅಂಗಡಿ ಅವನಿಗೂ ಬಿಕೋ ಅನ್ನುತ್ತಿತ್ತು.

ಕೊನೆಗೆ ಚರ್ಮದ ಡಾಕ್ಟರ ಹತ್ತಿರ ಹೋಗುವುದೆಂದಾಯಿತು. ಮಗಳಿಗೂ ಅಳಿಯನಿಗೂ ರಜೆ ಸಿಗಲಿಲ್ಲ. ಟೈಲರ್ ಅಜ್ಜಿ, ತಾತ, ಬೇಕರಿ ಅಜ್ಜಿ ಮೂವರೂ ಗುಬ್ಬಿಯನ್ನು ಕರೆದುಕೊಂಡು ಹೊರಟರು. ಕಾಯುವ ಬೆಂಚಿನ ಮೇಲೆ ಟೈಲರ್ ಅಜ್ಜಿ ಜಾಣತನದಿಂದ ಮಗುವನ್ನು ತನ್ನ ಮತ್ತು ಗಂಡನ ನಡುವೆ ಕೂರಿಸಿದಳು. ಗುಬ್ಬಿ ಎದ್ದುಹೋಗಿ ಬೇಕರಿ ಅಜ್ಜಿಯ ತೊಡೆಯ ಮೇಲೆ ಕೂತು, "ನಿನ್ನ ಮೈಯೆಲ್ಲ ಬನ್ ವಾಸನೆ," ಎಂದು ಅವಳ ಸೆರಗಿಗೆ ಮೂಗು ತೂರಿಸಿದಳು. ಟೈಲರ್ ಅಜ್ಜಿ ಎದುರಿನ ಗೋಡೆಯ ಗಡಿಯಾರ ನೋಡುತ್ತ ಕೂತಳು. ತನ್ನ ಮೈಯಿಂದ ಏನು ವಾಸನೆ ಬರುತ್ತದೆಂದು ಈ ಮಗು ಒಂದು ದಿನವಾದರೂ ಹೇಳಿದ್ದುಂಟೇ? ಮಷೀನಿನ ಎಣ್ಣೆ ಬಿಟ್ಟರೆ ಇನ್ನೇನು ಬಂದೀತು?

ಒಳಗೆ ಹೋದ ಮೇಲೆ ಡಾಕ್ಟರಿಗೆ ಕೇಳಲು ಏನೂ ಉಳಿಯದ ಹಾಗೆ ಎಲ್ಲವನ್ನೂ ಟೈಲರ್ ಅಜ್ಜಿಯೇ ಹೇಳಿದಳು. ಭಾನುವಾರ ಅಲ್ಲಿ, ಸೋಮವಾರ ದದ್ದು, ಶನಿವಾರ ಮಾಯ. ಹಿಟ್ಟಿನ ಧೂಳು ಎಷ್ಟು, ಒಲೆಯ ಕಾವು ಎಷ್ಟು ಎಂದು ಉಪ್ಪು ಖಾರ ಹಚ್ಚಿಯೇ ಹೇಳಿದಳು. ಬೇಕರಿ ಅಜ್ಜಿ ಅಪರಾಧಿಯಂತೆ ಬಾಗಿಲ ಬಳಿಯೇ ನಿಂತಿದ್ದಳು.

"ಇರಬಹುದು," ಎಂದರು ಡಾಕ್ಟರು. ವಯಸ್ಸು ಚಿಕ್ಕದು, ಮಾತು ನಿಧಾನ. "ಕೆಲವು ಮಕ್ಕಳಿಗೆ ಧೂಳು, ಸೆಕೆ ಆಗಿಬರಲ್ಲ. ಸ್ವಲ್ಪ ದಿನ ಬೇಕರಿಗೆ ಕಳಿಸ್ಬೇಡಿ. ದದ್ದು ಬರಲಿಲ್ಲ ಅಂದ್ರೆ ಆಮೇಲೂ ಕಳಿಸೋದು ಬೇಡ. ಎಲ್ಲಿ, ಬೆನ್ನು ನೋಡೋಣ."

ಗುಬ್ಬಿಯನ್ನು ಬೋರಲು ಮಲಗಿಸಿ ದೊಡ್ಡ ದೀಪ ಎಳೆದರು. ಅಂಗಡಿಯ ಮಬ್ಬು ಬೆಳಕಿನಲ್ಲಿ ದದ್ದೂ ಪರಚಿದ ಗೀರೂ ಕಲಸಿಕೊಂಡು ಕಾಣುತ್ತಿದ್ದವು. ಈ ಬೆಳಕಿನಲ್ಲಿ ಗೀರುಗಳ ಅಡಿಯಲ್ಲಿದ್ದದ್ದು ಕಂಡಿತು. ದುಂಡಗಿನ ಕೆಂಪು ಕಲೆಗಳು, ಕತ್ತಿನಿಂದ ಸೊಂಟದವರೆಗೆ ಒಂದರ ಕೆಳಗೊಂದು, ನೆಟ್ಟಗೆ. ನಡುವಿನ ಅಂತರ ಎಲ್ಲ ಕಡೆ ಒಂದೇ ಸಮ.

ಟೈಲರ್ ಅಜ್ಜಿ ಆ ಅಂತರವನ್ನು ಕಣ್ಣಲ್ಲೇ ಅಳೆದಳು. ಎರಡು ಬೆರಳು.

ಗಂಡನ ಕಡೆ ನೋಡಿದಳು. ಅವನಿಗೂ ಹೊಳೆದಿತ್ತು. ಅವನು ಬರದ ಕೆಮ್ಮು ಕೆಮ್ಮಿ, ತಿರುಗುತ್ತಿದ್ದ ಫ್ಯಾನನ್ನು ಇದೇ ಮೊದಲ ಸಲ ಕಂಡವನ ಹಾಗೆ ನೋಡತೊಡಗಿದ.

ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು. ಸುಳ್ಳು ಹೇಳಬೇಕಾಗಿಯೂ ಇರಲಿಲ್ಲ. ಮನೆಗೆ ಹೋಗಿ ಸದ್ದಿಲ್ಲದೆ ಟಿಚ್ ಬಟನ್ ಕಿತ್ತು ಹಾಕಿದರೆ ದದ್ದೂ ಹೋಗುತ್ತದೆ, ಬೇಕರಿಯೂ ಹೋಗುತ್ತದೆ. ಭಾನುವಾರವೂ ಗುಬ್ಬಿ ತನ್ನದೇ. ಆನೆ ಇಲ್ಲ, ಆಮೆ ಇಲ್ಲ, ಬನ್ ವಾಸನೆ ಇಲ್ಲ. ಇಷ್ಟು ದಿನ ಹೊಟ್ಟೆಯಲ್ಲಿ ಉರಿಯುತ್ತಿದ್ದದ್ದಕ್ಕೆ ಯಾರೋ ತಣ್ಣೀರು ತಂದು ಬಾಗಿಲಲ್ಲಿಟ್ಟಿದ್ದರು. ಅವಳು ತುಟಿ ಬಿಗಿದಳು.

"ಬೇಕರೀಲಿ ಇವಳಿಗೆ ಯಾವ ಬಟ್ಟೆ ಹಾಕಿರ್ತೀರಿ?" ಡಾಕ್ಟರು ಬಾಗಿಲ ಕಡೆ ತಿರುಗಿ ಕೇಳಿದರು.

"ಇವರು ಹೊಲಿದಿರೋ ಫ್ರಾಕೇ," ಎಂದಳು ಬೇಕರಿ ಅಜ್ಜಿ. "ಕೊಳೆ ಆಗತ್ತೆ, ಬೇರೆ ಹಾಕೋಣ ಅಂತೀನಿ, ಆದ್ರೆ ಬಿಚ್ಚೋಕೆ ಮನಸ್ಸೇ ಬರಲ್ಲ. ಮೇಲೊಂದು ಏಪ್ರನ್ ಬಿಗಿಯಾಗಿ ಕಟ್ಟಿಬಿಡ್ತೀನಿ. ಗಿರಾಕಿ ಬಂದಾಗ ಏಪ್ರನ್ ಬಿಚ್ಚಿ, ಸುತ್ತ ತಿರುಗಿಸಿ ತೋರಿಸ್ತೀನಿ. ನಂಗೆ ಒಂದು ಗುಂಡಿ ಹಾಕೋಕೂ ಬರಲ್ಲ ಡಾಕ್ಟ್ರೇ. ತಿಂದಿದ್ದು ಕರಗಿಹೋಗತ್ತೆ, ಹೊಲಿದಿದ್ದು ಮೈ ಮೇಲೆ ಇರತ್ತೆ. ಇವರ ಕೈಗೆಲಸ ನೋಡಿದ್ರೆ ನಿಜವಾಗ್ಲೂ ನಂಗೆ ಹೊಟ್ಟೆ ಉರಿಯತ್ತೆ."

ಅಷ್ಟು ಹೇಳಿ ನಗಲು ನೋಡಿದಳು. ನಗು ಬರಲಿಲ್ಲ.

"ಇರಲಿ, ಮಗು ಹುಷಾರಾದ್ರೆ ಸಾಕು. ಭಾನುವಾರ ನಾನೇ ಇವರ ಅಂಗಡಿ ಮುಂದೆ ಹಾದುಹೋಗ್ತೀನಿ. ಒಳಗೆ ಬರಲ್ಲ, ಮೈಯೆಲ್ಲ ಹಿಟ್ಟಿರತ್ತಲ್ಲ. ರಸ್ತೆಯಿಂದಲೇ ನೋಡ್ಕೊಂಡು ಹೋಗ್ತೀನಿ."

ಹೊಟ್ಟೆಯುರಿ ತನ್ನೊಬ್ಬಳ ಸ್ವತ್ತು ಎಂದುಕೊಂಡಿದ್ದ ಟೈಲರ್ ಅಜ್ಜಿಗೆ ಏನು ಮಾಡಬೇಕೆಂದು ತೋಚಲಿಲ್ಲ. ಇವಳು ರಸ್ತೆಯಲ್ಲಿ ನಿಂತು ಕತ್ತು ಚಾಚುವುದು ಕಣ್ಣಿಗೆ ಕಟ್ಟಿತು. ಹಾಳಾದವಳು, ಜಗಳವಾಡಿದ್ದರೆ ಎಷ್ಟು ಸುಲಭವಿತ್ತು!

"ಡಾಕ್ಟ್ರೇ," ಎಂದಳು. ಮಗುವಿನ ಬೆನ್ನಿನ ಮೇಲೆ, ಎರಡು ಕಲೆಗಳ ನಡುವೆ, ತನ್ನ ಎರಡು ಬೆರಳು ಇಟ್ಟಳು. ಅಚ್ಚು ಹಾಕಿದಂತೆ ಕೂತವು. ಕೆಳಗಿನ ಎರಡರ ನಡುವೆ ಇಟ್ಟಳು. ಅಲ್ಲಿಯೂ ಕೂತವು. "ಇದು ಹಿಟ್ಟಲ್ಲ. ನನ್ನ ಟಿಚ್ ಬಟನ್. ಒಳಗೆ ಪಟ್ಟಿ ಕೊಟ್ಟಿಲ್ಲ ನಾನು. ಬೇಕು ಅಂತಲೇ ಕೊಟ್ಟಿಲ್ಲ."

ತಾತ ಫ್ಯಾನಿನಿಂದ ಕಣ್ಣು ಕೆಳಗಿಳಿಸಿದ.

ಡಾಕ್ಟರು ಮತ್ತೆ ಬಗ್ಗಿ ನೋಡಿ ತಲೆಯಾಡಿಸಿದರು. ಕೆಲವರ ಚರ್ಮಕ್ಕೆ ಇಂಥ ಲೋಹ ಆಗುವುದಿಲ್ಲ, ಬೆವರು ಸೇರಿದರೆ ಇನ್ನೂ ಜಾಸ್ತಿ, ಮೇಲೆ ಬಿಗಿಯಾದ ಏಪ್ರನ್ ಬೇರೆ ಎಂದರು. ಮುಲಾಮು ಬರೆದುಕೊಟ್ಟು, ಬಟ್ಟೆಯ ಗುಂಡಿ ಹಾಕಿ ಎಂದರು. ಬೇಕರಿಗೆ ಧಾರಾಳವಾಗಿ ಹೋಗಬಹುದು ಎಂದೂ ಹೇಳಿದರು.

ಬೇಕರಿ ಅಜ್ಜಿ ಬೈಯಲಿಲ್ಲ. "ಹಾಗಾದ್ರೆ ನನ್ನಿಂದ ಅಲ್ವಾ?" ಎಂದು ಕೇಳಿದಳು. ಅಲ್ಲ ಎಂದು ಡಾಕ್ಟರು ಹೇಳಿದ ಮೇಲೂ ಇನ್ನೊಂದು ಸಲ ಕೇಳಿದಳು. ಬೆಕ್ಕಿನ ಸುದ್ದಿ ಮಾತ್ರ ಎತ್ತಲಿಲ್ಲ. ಎತ್ತದಿದ್ದದ್ದೇ ಟೈಲರ್ ಅಜ್ಜಿಗೆ ಮುಳ್ಳಿನ ಹಾಗೆ ಚುಚ್ಚಿತು.

ಆ ಭಾನುವಾರ ಗುಬ್ಬಿಯ ಫ್ರಾಕಿಗೆ ಬಟ್ಟೆ ಸುತ್ತಿದ ಗುಂಡಿಗಳಿದ್ದವು, ಒಳಗೆ ಮೆತ್ತನೆಯ ಪಟ್ಟಿಯಿತ್ತು. ಬೆನ್ನು ತುಸು ದಪ್ಪವಾಗಿಯೇ ಕಾಣುತ್ತಿತ್ತು. ಅಪ್ಪ ಅವಳನ್ನು ಬೇಕರಿಯಲ್ಲಿ ಬಿಟ್ಟು ಹೋದ ಸ್ವಲ್ಪ ಹೊತ್ತಿಗೆ ಟೈಲರ್ ಅಜ್ಜಿ ಅಲ್ಲಿಗೆ ಬಂದಳು. ಕೂದಲು ಕೆದರಿತ್ತು, ಕಂಕುಳಲ್ಲಿದ್ದ ಬಟ್ಟೆಚೀಲ ತನ್ನಷ್ಟಕ್ಕೇ ಒದ್ದಾಡುತ್ತಿತ್ತು. ಬೈಂಡಿಂಗ್ ಅಂಗಡಿಯವನು ಕೊಡಲು ಒಪ್ಪಿದ್ದ. ಬೆಕ್ಕು ಒಪ್ಪಿರಲಿಲ್ಲ.

ಚೀಲದ ಬಾಯಿ ಬಿಚ್ಚಿದ್ದೇ ತಡ, ಅದು ಮೆಟ್ಟಿಲಿಗೆ ಹಾರಿ ತನ್ನ ಹಳೇ ಜಾಗದಲ್ಲಿ ಕೂತಿತು. ಗುಬ್ಬಿ ಕೂಗುತ್ತ ಓಡಿ ಬಂದಳು, ಅಜ್ಜಿಯನ್ನು ದಾಟಿಕೊಂಡು ಹೋಗಿ ಬೆಕ್ಕನ್ನು ತಬ್ಬಿಕೊಂಡಳು. ಆಮೇಲೆ ಬೇಕರಿ ಅಜ್ಜಿಯ ಕಾಲನ್ನು ತಬ್ಬಿಕೊಂಡಳು. ಟೈಲರ್ ಅಜ್ಜಿಯ ಹೊಟ್ಟೆಯಲ್ಲಿ ಹಳೇ ಕಿಚ್ಚು ಮತ್ತೆ ಚುರ್ ಎಂದಿತು. ಈಗ ಬೆಕ್ಕಿನ ಮೇಲೂ ಉರಿಯಬೇಕಾಯಿತಲ್ಲ ಎಂದು ತನ್ನ ಮೇಲೆಯೇ ರೇಗಿತು.

ಬೇಕರಿ ಅಜ್ಜಿ ಬೆಕ್ಕಿನ ಕಡೆ ನೋಡಿದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು, ಕೆನ್ನೆಗೆಲ್ಲ ಹಿಟ್ಟಾಯಿತು. ಆಮೇಲೆ ಬೀಗಿತ್ತಿಯ ಕೈ ಕಂಡು ಗಾಬರಿಯಾದಳು. ಮೊಣಕೈವರೆಗೂ ಕೆಂಪು ಕೆಂಪು ಗೀರು.

"ಅಯ್ಯೋ, ಇದೇನ್ರೀ ಬೀಗ್ರೇ! ನಿಮಗೂ ಶುರುವಾಯ್ತಾ? ಯಾತರಿಂದ ಇದು?"

"ನಿಮ್ಮ ಬೆಕ್ಕಿಂದ," ಎಂದಳು ಟೈಲರ್ ಅಜ್ಜಿ. "ಈ ಸಲ ನಿಜವಾಗ್ಲೂ ನಿಮ್ಮ ಬೆಕ್ಕಿಂದಲೇ."

ಬೇಕರಿ ಅಜ್ಜಿ ಅವಳ ಕೈ ಹಿಡಿದು, ನೀರು ಹಾಕಿ ತೊಳೆಯಲು ಒಳಗೆ ಕರೆದುಕೊಂಡು ಹೋದಳು.