ಲಿವರ್ ಕೊಡುವ ಅಳಿಯನಿಗೆ ಕೋಳಿ ಬೇಡ

ಅಳಿಯ ಮನೆಗೆ ಬಂದರೆ ಮೊಟ್ಟೆಯಿಡುವ ಕೋಳಿಯನ್ನೂ ಉಳಿಸಬಾರದು ಎನ್ನುವುದು ಚಹಾ ಬೆಳೆಯುವ ನಮ್ಮ ಬೊಸಂಗ್ ಸೀಮೆಯ ಅತ್ತೆಯರ ನಿಯಮ. ಓಕ್‌ಬುನ್‌ಗೆ ಸಿಕ್ಕಿದ್ದಂತೂ ಗಂಡನಿಗೆ ಲಿವರ್ ಕೊಡಲು ಒಪ್ಪಿದ ಅಳಿಯ. ಇನ್ನು ಕೋಳಿಗಳಿಗೆ ಉಳಿಗಾಲವೆಲ್ಲಿ?

ಆಕೆಯ ಗಂಡ ಚಾನ್‌ಗಿಲ್‌ನ ಲಿವರ್ ಹಳೆಯ ಸೋಂಕಿನಿಂದ ಪೂರ್ತಿ ಕೆಟ್ಟಿತ್ತು. ಕಣ್ಣು ಹಳದಿ, ಹೊಟ್ಟೆಯಲ್ಲಿ ನೀರು. ಬೇರೆ ಲಿವರ್ ಸಿಗದಿದ್ದರೆ ವಸಂತ ಕಾಣುವುದು ಕಷ್ಟವೆಂದು ವೈದ್ಯರು ಹೇಳಿದ್ದರು. ತನ್ನ ಲಿವರಿನ ಭಾಗ ಕೊಡಲು ಮಗಳು ಯೊನ್‌ಜು ಮುಂದೆ ಬಂದಳು. ಅವಳ ಲಿವರ್ ತೀರಾ ಚಿಕ್ಕದಾಗಿತ್ತು. ಆಗ ಅವಳ ಗಂಡ, ಊರ ಬಸ್ಸು ಓಡಿಸುವ ತೆಶಿಕ್, "ನಂದೂ ಒಂದ್ಸಲ ನೋಡಿ" ಎಂದ. ಪರೀಕ್ಷೆಗಳಲ್ಲಿ ಎಲ್ಲವೂ ಹೊಂದಿತು. ಆಪರೇಷನ್ನಿಗೆ ಒಂದು ತಿಂಗಳಿತ್ತು.

ಓಕ್‌ಬುನ್ ಒಲೆ ಹಚ್ಚಿದವಳು ಆರಿಸಲೇ ಇಲ್ಲ.

"ಅಳಿಯಂದಿರೇ, ಅರ್ಧಕ್ಕಿಂತ ಹೆಚ್ಚು ಕೊಯ್ಕೊಳ್ತಾರಂತೆ. ಮುಂಚೇನೇ ಬೆಳೆಸ್ಕೊಳ್ಳಿ. ಕುಡೀರಿ."

"ಅತ್ತೆ, ಇದು ಮೂರನೇ ಬಟ್ಟಲು."

"ಎರಡು ನಿಮಗೆ. ಮೂರನೇದು ಮಾವನ ಪಾಲಿನ ಲಿವರ್‌ಗೆ."

ಹೊಟ್ಟೆಯಲ್ಲಿ ಅಕ್ಕಿ ತುಂಬಿ ಬೇಯಿಸಿದ ಕೋಳಿ, ಎಲುಬಿನ ಸಾರು, ಜಿಂಕೆ ಕೊಂಬಿನ ಕಷಾಯ. ನೆರೆಯವರೂ ಬರಿಗೈಯಲ್ಲಿ ಬರಲಿಲ್ಲ. ಬಸ್ಸು ಹತ್ತುವ ಅಜ್ಜಿಯರು ಅಕ್ಕಿಯ ಸಿಹಿಕಡುಬನ್ನು ಚಾಲಕನ ಬಾಯಿಗೇ ತುರುಕಿ ಹೋಗುತ್ತಿದ್ದರು.

ಕೊನೆಯ ಪರೀಕ್ಷೆಯ ದಿನ ಆಸ್ಪತ್ರೆಯ ಅಂಗಕಸಿ ವಿಭಾಗದ ನರ್ಸ್ ಬೊರಾಂ ಕಾಗದದಿಂದ ತಲೆಯೆತ್ತಿ ತೆಶಿಕ್‌ನ ಹೊಟ್ಟೆಯನ್ನೇ ನೋಡಿದಳು.

"ಆರು ಕಿಲೋ ಏರಿದೀರಿ. ಲಿವರ್ ತುಂಬ ಕೊಬ್ಬು. ಏನು ತಿಂದ್ರಿ?"

ತೆಶಿಕ್ ಅಂಗಿಯನ್ನು ಹೊಟ್ಟೆಯ ಮೇಲೆ ಎಳೆದುಕೊಂಡ. ಅತ್ತೆಯನ್ನು ಹಿಡಿದುಕೊಡುವ ಅಳಿಯ ಅವನಲ್ಲ. ಆದರೆ ಜೊತೆಗೆ ಬಂದಿದ್ದ ಓಕ್‌ಬುನ್‌ಳ ಮಡಿಲಲ್ಲಿದ್ದ ಫ್ಲಾಸ್ಕಿನ ಮುಚ್ಚಳ ಸಡಿಲಾಗಿತ್ತು.

"ಅದ್ರಲ್ಲೇನಮ್ಮಾ?"

"ನೀರು."

"ನಿಮ್ಮೂರ ನೀರು ಬಹಳ ಘಮಘಮ ಅನ್ನುತ್ತೆ."

ಆಪರೇಷನ್ ಮುಂದಕ್ಕೆ ಹೋಯಿತು. ಓಕ್‌ಬುನ್‌ಗೆ ಮೊದಲು ಸಿಟ್ಟೇ ಬಂತು.

"ಬಲ ಬರ್ಲಿ ಅಂತ ತಾನೇ ಕೊಟ್ಟಿದ್ದು! ಕೊಯ್ದದ್ದು ಮತ್ತೆ ಬರುತ್ತಾ?"

"ಬರುತ್ತಮ್ಮಾ. ಉಳಿದ ಭಾಗ ಕೆಲವೇ ತಿಂಗಳಲ್ಲಿ ಹೆಚ್ಚುಕಡಿಮೆ ಮೊದಲಿನಷ್ಟೇ ಬೆಳೆಯುತ್ತೆ."

"ಅದೇನು ಈರುಳ್ಳಿ ಸೊಪ್ಪಾ, ಕೊಯ್ದಷ್ಟೂ ಚಿಗುರೋಕೆ?"

"ಹಂಗೇ ಅನ್ಕೊಳ್ಳಿ. ಆದ್ರೆ ಕೊಬ್ಬು ತುಂಬಿದ್ರೆ ಇವರ ಹೊಟ್ಟೇಲಿ ಉಳಿದದ್ದೂ ಒದ್ದಾಡುತ್ತೆ, ಯಜಮಾನರ ಹೊಟ್ಟೆಗೆ ಹೋದದ್ದೂ ಒದ್ದಾಡುತ್ತೆ. ಆ ಕಷಾಯ ಲಿವರ್‌ಗೇ ಪೆಟ್ಟು ಕೊಡಬಹುದು. ಮೊದ್ಲು ಅದನ್ನ ನಿಲ್ಸಿ."

ಓಕ್‌ಬುನ್ ಫ್ಲಾಸ್ಕನ್ನು ಕೆಳಗಿಟ್ಟಳು. ತಿಂಗಳಿಂದ ಒಲೆಯ ಮುಂದೆ ಅಡಗಿಸಿದ್ದ ಮಾತು ಆಗ ಹೊರಬಂತು.

"ಇವರಿಗೇನಾದ್ರೂ ಆದ್ರೆ? ನನ್ನ ಗಂಡನ್ನ ಉಳಿಸ್ಕೊಳ್ಳೋಕೆ ಹೋಗಿ ಮಗಳ ಗಂಡನ್ನ ಕಳೆದ್ರೆ?"

ಬೊರಾಂ ಸಮಾಧಾನಕ್ಕೆಂದು ಸುಳ್ಳು ಹೇಳಲಿಲ್ಲ.

"ಅಪಾಯವೇ ಇಲ್ಲ ಅನ್ನಲ್ಲಮ್ಮಾ. ದೊಡ್ಡ ಆಪರೇಷನ್ನು. ನೋವಿದೆ. ಅಪರೂಪಕ್ಕೆ ಜೀವಕ್ಕೂ ತೊಂದರೆ ಆಗೋದುಂಟು. ಅದಕ್ಕೇ ಇಷ್ಟು ಪರೀಕ್ಷೆ. ಇವರೊಬ್ಬರನ್ನೇ ಕೂರಿಸ್ಕೊಂಡು ಕೇಳಿದೀವಿ. ಆಪರೇಷನ್ ಕೋಣೆ ಬಾಗಿಲಲ್ಲಿ ಬೇಡ ಅಂದ್ರೂ ನಿಲ್ಲಿಸ್ತೀವಿ. ಯಾಕೆ ಅಂತ ಮನೆಯವರಿಗೂ ಹೇಳಲ್ಲ."

ಓಕ್‌ಬುನ್ ಅಳಿಯನ ಕಡೆ ತಿರುಗಿದಳು. "ಬೇಡ ಅನ್ಸಿದ್ರೆ ಈಗ್ಲೇ ಹೇಳ್ಬಿಡಿ. ನಾನು ಮುಖ ತಿರುಗಿಸಲ್ಲ. ನಿಮ್ಮ ಮಾವನೂ ತಿರುಗಿಸಲ್ಲ."

"ಅತ್ತೆ, ಲಿವರ್ ಕೊಡ್ತೀನಿ. ಅದು ನಾನೇ ಕೂತು ಯೋಚಿಸಿ ಹೇಳಿದ ಮಾತು. ಸಾರು ಮಾತ್ರ ಬೇಡ."

ಮರುದಿನದಿಂದ ಓಕ್‌ಬುನ್ ಪೊಲೀಸಾದಳು. ಆಸ್ಪತ್ರೆಯವರು ಬರೆದುಕೊಟ್ಟ ಬಾರ್ಲಿ ಅನ್ನ, ಸೊಪ್ಪು, ಮೀನು ಬಿಟ್ಟರೆ ಬೇರೇನೂ ತಟ್ಟೆಗೆ ಬೀಳಲಿಲ್ಲ. ಬೆಳಿಗ್ಗೆ ಚಹಾ ತೋಟದ ಏರಿನಲ್ಲಿ ಅಳಿಯನನ್ನು ಮುಂದೆ ಬಿಟ್ಟು ಹಿಂದಿನಿಂದ ಕೂಗುತ್ತ ನಡೆದಳು. "ಬಸ್ಸಿನ ಹಂಗೆ ನಿಲ್ದಾಣ ನಿಲ್ದಾಣಕ್ಕೂ ನಿಲ್ಲಬೇಡಿ!" ಬಸ್ಸಿನೊಳಗೆ ತಾನೇ ಬರೆದ ಚೀಟಿ ಅಂಟಿಸಿದಳು: ಚಾಲಕನಿಗೆ ತಿಂಡಿ ಕೊಡಬಾರದು. ಅಜ್ಜಿಯರು ಓದಿ, "ಮೃಗಾಲಯದಲ್ಲಿ ಕೋತಿಗೂ ಹಿಂಗೇ ಬರೆದಿರ್ತಾರೆ" ಎಂದು ನಕ್ಕರು. ಕಡುಬನ್ನು ಮಾತ್ರ ಚೀಲದೊಳಗೇ ಇಟ್ಟುಕೊಂಡರು.

ಆರು ವಾರಗಳಲ್ಲಿ ಚಾನ್‌ಗಿಲ್‌ನನ್ನು ಎರಡು ಸಲ ತುರ್ತಾಗಿ ಆಸ್ಪತ್ರೆಗೆ ಒಯ್ಯಬೇಕಾಯಿತು. ಆ ಎರಡು ದಿನವೂ ಏರಿನ ಮೇಲೆ ಯಾರೂ ಕೂಗಲಿಲ್ಲ. ತೆಶಿಕ್ ತಾನಾಗಿಯೇ ಓಡಿದ.

ಮತ್ತೆ ಪರೀಕ್ಷೆಯಾಯಿತು. ಬೊರಾಂ ಕಾಗದ ನೋಡಿ, "ಏಳು ಕಿಲೋ ಇಳಿದಿದೀರಿ. ಕೊಬ್ಬೂ ಕರಗಿದೆ. ವೈದ್ಯರು ಒಪ್ಪಿದ್ದಾರೆ" ಎಂದಳು. ಓಕ್‌ಬುನ್ ಆ ಕಾಗದಕ್ಕೇ ತಲೆಬಾಗಿ ವಂದಿಸಿದಳು.

ಆಪರೇಷನ್ ಮುಗಿದು ಮರುದಿನ ಚಾನ್‌ಗಿಲ್ ಎಚ್ಚರಗೊಂಡಾಗ ಮೊದಲು ಕೇಳಿದ್ದು, "ನಮ್ಮ ಬಸ್ಸಿನವನು ಹೇಗಿದಾನೆ?"

"ನೋವಿಗೆ ನರಳ್ತಿದಾರೆ. ಆದ್ರೂ ಆಗ್ಲೇ ಎದ್ದು ನಾಲ್ಕು ಹೆಜ್ಜೆ ನಡೆದ್ರು," ಎಂದಳು ಓಕ್‌ಬುನ್. ಹೇಳುತ್ತ ಗಂಡನ ಕಣ್ಣು ನೋಡಿ ಅತ್ತಳು. ವಾರದೊಳಗೆ ಆ ಕಣ್ಣಿನ ಹಳದಿ ಇಳಿಯತೊಡಗಿತು. ಮೂರು ತಿಂಗಳಿಗೆ ತೆಶಿಕ್ ಮತ್ತೆ ಬಸ್ಸು ಹತ್ತಿದ.

ಓದುತ್ತಿರುವವರೇ, ಬದುಕಿರುವಾಗಲೇ ತನ್ನದೊಂದು ಭಾಗ ಕೊಟ್ಟು ಇನ್ನೊಬ್ಬರನ್ನು ಉಳಿಸಬಹುದು. ಊರಿನ ಮಾತು ನಂಬಬೇಡಿ, ಕಸಿ ವಿಭಾಗದಲ್ಲಿ ಕೇಳಿ. ಕೊಡುತ್ತೇನೆ ಎಂದವರಿಗೆ ಯೋಚಿಸಲು ಸಮಯ ಕೊಡಿ. ಬೇಡ ಎಂದವರನ್ನು ದೂರಬೇಡಿ. ವೈದ್ಯರು ಹೇಳದ ಔಷಧಿ, ಕಷಾಯ ಕೊಡಬೇಡಿ. ನಿಮ್ಮ ನೆರೆಯಲ್ಲಿ ಯಾರಾದರೂ ದಾನಕ್ಕೆ ಸಿದ್ಧರಾಗುತ್ತಿದ್ದರೆ ಖಂಡಿತ ಅವರ ಮನೆಗೆ ಹೋಗಿ. ಬರಿಗೈಯಲ್ಲಿ ಹೋಗಿ, ಚಪ್ಪಲಿ ಬಿಚ್ಚದೆ ಬಾಗಿಲಲ್ಲೇ ನಿಂತು ಕರೆಯಿರಿ: "ಬನ್ನಿ, ಒಂದು ಸುತ್ತು ನಡೆದು ಬರೋಣ."